ಒಳಗಿವಿಯ ಚಿತ್ರ

‘ಕಿವುಡನ ಮುಂದೆ ಶಂಖ ಊದಿದಂತೆ’ ಎಂದು ನಾವು ಸಲೀಸಾಗಿ ಆಡಿಬಿಡುತ್ತೇವೆ. ಒಳಗಿವಿಯಲ್ಲಿಯೂ ಎರಡೂವರೆ ಸುತ್ತಿನ ಪುಟ್ಟ ಶಂಖವೊಂದಿದೆ. ವೈದ್ಯರು ಅದನ್ನು ಕಾಕ್ಲಿಯ ಎನ್ನುತ್ತಾರೆ. 1791ರಲ್ಲಿ ಇಟಲಿಯ ಬೊಲೋನ್ಯದ ಕಾರ್ಲೊ ಮೊಂದಿನಿ, ತೀರಿಕೊಂಡ ಎಂಟು ವರ್ಷದ ಹುಟ್ಟುಗಿವುಡ ಬಾಲಕನೊಬ್ಬನ ಕಿವಿಯ ಎಲುಬನ್ನು ಬಿಡಿಸಿ ನೋಡಿದಾಗ ಆ ಶಂಖಕ್ಕೆ ಒಂದೂವರೆ ಸುತ್ತಷ್ಟೇ ಇತ್ತು. ಒಳಗಿವಿಯಿಂದ ತಲೆಬುರುಡೆಯ ಒಳಭಾಗಕ್ಕೆ ಸಾಗುವ ಕಿರುಗಾಲುವೆಯೂ ಅಗಲವಾಗಿತ್ತು. ಅಂದು ಸತ್ತಮೇಲೆ ಮಾತ್ರ ಕಾಣುತ್ತಿದ್ದುದು ಇಂದು ಬದುಕಿರುವ ಕೂಸಿನಲ್ಲಿಯೇ ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಎಲುಬಿನ ಆಕಾರವನ್ನು ತೋರಿಸಿದರೆ, ಎಂ.ಆರ್.ಐ. ಅದರೊಳಗಿನ ದ್ರವವನ್ನೂ ಶ್ರವಣನರವನ್ನೂ ತೋರಿಸುತ್ತದೆ.

ಇದರಿಂದೇನು ಪ್ರಯೋಜನವೆಂದು ಕೇಳುವವರುಂಟು. ಆ ಕಾಲುವೆ ಅಗಲವಾಗಿರುವ ಮಕ್ಕಳಲ್ಲಿ ಅನೇಕರಿಗೆ ಹುಟ್ಟುವಾಗ ಅಷ್ಟಿಷ್ಟು ಶ್ರವಣ ಇರುತ್ತದೆ; ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದಲೂ ಅದು ಒಮ್ಮೆಲೇ ಕುಗ್ಗಬಹುದು. ಮುಂಚೆಯೇ ತಿಳಿದಿದ್ದರೆ ಮಗುವನ್ನು ಅಂಥ ಆಟಗಳಿಂದ ದೂರವಿಡಬಹುದಲ್ಲವೆ? ಇಂಗ್ಲೆಂಡಿನ ವೈದ್ಯ ವಾನ್ ಪೆಂಡ್ರೆಡ್ 1896ರಲ್ಲಿ ಕಿವುಡುತನದೊಡನೆ ಗಳಗಂಡವೂ ಇದ್ದ ಅಕ್ಕತಂಗಿಯರಿಬ್ಬರನ್ನು ಕುರಿತು ಬರೆದ. ಆತನ ಹೆಸರನ್ನೇ ಹೊತ್ತ ಆ ಆನುವಂಶಿಕ ರೋಗದ ಸುಳಿವು ಇಂದು ಎಷ್ಟೋ ವೇಳೆ ಮೊದಲು ದೊರೆಯುವುದು ಈ ಕಾಲುವೆಯ ಚಿತ್ರದಲ್ಲಿ.

ನನ್ನ ಆತಂಕವಿರುವುದು ಏನೂ ಕಾಣದ ಚಿತ್ರದ ವಿಷಯದಲ್ಲಿ. ಪರಿಚಯದ ಮನೆಯೊಂದರಲ್ಲಿ ಮಗುವಿನ ಸ್ಕ್ಯಾನ್ ಸರಿಯಾಗಿದೆಯೆಂದು ತಿಳಿದೊಡನೆ ಅಜ್ಜಿ, “ಹಾಗಾದರೆ ಇದು ನಮ್ಮ ವಂಶದ್ದಲ್ಲ” ಎಂದುಬಿಟ್ಟರು. ಬಸುರಿಯಾಗಿದ್ದಾಗ ಸೊಸೆ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದುದೇ ಕಾರಣವೆಂಬುದು ಅವರ ತೀರ್ಮಾನ. ಆ ಸೊಸೆಯಾದರೂ ಬೇರೆಯವಳೆ? ಅಜ್ಜಿಯ ಒಡಹುಟ್ಟಿದ ತಮ್ಮನ ಮಗಳು.

ಆನುವಂಶಿಕ ಕಿವುಡಿನ ಬಹುಪಾಲು ಎಲುಬಿನ ಆಕಾರವನ್ನು ಕೆಡಿಸುವುದೇ ಇಲ್ಲ. 1997ರಲ್ಲಿ ಪತ್ತೆಯಾದ ಕನೆಕ್ಸಿನ್-26ರ ಲೋಪ ಹುಟ್ಟುಗಿವುಡಿಗೆ ಅತಿ ಸಾಮಾನ್ಯವಾದ ಆನುವಂಶಿಕ ಕಾರಣಗಳಲ್ಲೊಂದು; ಆ ಮಕ್ಕಳ ಶಂಖ ಚಿತ್ರದಲ್ಲಿ ಸಾಮಾನ್ಯವಾಗಿ ಸುಂದರವಾಗಿಯೇ ಇರುತ್ತದೆ. ತಾಯಿತಂದೆಯರಿಬ್ಬರ ಕಿವಿಯೂ ಚುರುಕು. ಲೋಪವಿರುವ ಜೀನಿನ ಒಂದೊಂದು ಪ್ರತಿ ಇಬ್ಬರಲ್ಲೂ ಅಡಗಿರುತ್ತದೆ, ಅಷ್ಟೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ನಾಡಿನಲ್ಲಿ ಆ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು.

ಆದ್ದರಿಂದ ಚಿತ್ರದ ಜೊತೆಗೆ ಜೀನಿನ ಪರೀಕ್ಷೆಯೂ ನಡೆಯಬೇಕೆಂಬುದು ನನ್ನ ಮತ. ವರದಿಯಲ್ಲಿ ಇಂಗ್ಲಿಷಿನ ‘ನಾರ್ಮಲ್’ ಎಂಬ ಒಂದು ಪದವನ್ನು ಕೊಟ್ಟು ಕಳಿಸುವ ವೈದ್ಯರು ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಲಿ: ಎಲುಬು ಸರಿಯಾಗಿದೆ, ಕಾರಣ ಇನ್ನೂ ತಿಳಿದಿಲ್ಲ, ರಕ್ತಪರೀಕ್ಷೆ ಆಗಬೇಕು.