ಪಿ.ಬಿ.ಎಸ್. ಯಾಕೆ ನನ್ನ ಬಲಮೊಣಕಾಲಿನ ಹತ್ತಿರ ಕೂರಬೇಕು?

ಸ್ಪೋರ್ಟ್ಸ್ ಕಾರಿಗೆ ಇಂಜಿನ್ ಸದ್ದೇ ಸಂಗೀತ, ಅದಕ್ಕೆ ಬೇರೆ ಸ್ಪೀಕರ್ ಯಾಕೆ ಅನ್ನುವವರಿದ್ದಾರೆ. ಇವರು ಯಾರೂ ಬಸವೇಶ್ವರನಗರದಿಂದ ಹೊರಟು ಸಂಜೆ ಏಳಕ್ಕೆ ಮಾಗಡಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಲ್ಲ ಅಂತ ನನ್ನ ಅನುಮಾನ. ಅಲ್ಲಿ ಇಂಜಿನ್ನು ಹಾಡೋದಿರಲಿ, ಕೆಮ್ಮೋದಕ್ಕೂ ಜಾಗ ಸಿಗಲ್ಲ. ಅದು ಹಾಡೋದು ಭಾನುವಾರ ಬೆಳಿಗ್ಗೆ ಆರಕ್ಕೆ, ಕೆಂಗೇರಿ ಹತ್ತಿರ ನೈಸ್ ರಸ್ತೆ ಹತ್ತಿದ ಮೇಲೆ, ಅದೂ ಟೋಲ್ ಕೊಟ್ಟು! ಉಳಿದ ಆರು ದಿನ ನಮ್ಮ ಜೊತೆ ಇರೋದು ಸ್ಪೀಕರ್ರೇ. ಇನ್ನೊಂದು ತಮಾಷೆ ಕೇಳಿ. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ತನ್ನ ಇಂಜಿನ್ ಸದ್ದನ್ನೇ ಕಾರಿನೊಳಗಿನ ಸ್ಪೀಕರ್‌ಗಳಲ್ಲಿ ನುಡಿಸುತ್ತಿತ್ತು. ಅಂದರೆ ಇವರು ಹೇಳುವ ಆ 'ಸಂಗೀತ' ಕೂಡ ಎಷ್ಟೋ ಸಲ ಸ್ಪೀಕರಿಂದಲೇ ಬರುತ್ತೆ.

ಹಾಗಾಗಿ ಕಂಪನಿ ಕೊಟ್ಟ ಸ್ಪೀಕರ್ ಬದಲಾಯಿಸೋದು ಬರೀ ಶೋಕಿ ಅಂತ ನಾನು ಒಪ್ಪಲ್ಲ. ಆದರೆ ಅದನ್ನು ಬದಲಾಯಿಸುವ ಕ್ರಮ ಮಾತ್ರ ನಮ್ಮ ಊರಲ್ಲಿ ಪೂರ್ತಿ ತಲೆಕೆಳಗಾಗಿದೆ.

ನನ್ನದು 2014ರ ಪೋಲೋ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡು. "ಪೋಲೋನಾ? ಅದ್ಯಾವ ಸೀಮೆ ಸ್ಪೋರ್ಟ್ಸ್ ಕಾರು ಗುರೂ?" ಅಂತ ನಗೋರು ಈಗಲೇ ನಕ್ಕುಬಿಡಿ. 1.2 ಲೀಟರ್ ಟರ್ಬೋ, 105 ಕುದುರೆ ಶಕ್ತಿ, ಏಳು ಗೇರಿನ ಡಿಎಸ್‌ಜಿ. ನನ್ನಂಥ ಇಎಂಐ ಜೀವಿಗಳಿಗೆ ಇದೇ ಸ್ಪೋರ್ಟ್ಸ್ ಕಾರು. 2022ರಲ್ಲಿ ಪೋಲೋ ತಯಾರಿಕೆಯೇ ಇಲ್ಲಿ ನಿಂತುಹೋಯಿತು, ಆ ಸಂಕಟ ಇನ್ನೊಂದು ದಿನ ಬರೀತೀನಿ. ಪೋರ್ಷೆ ಇಟ್ಟುಕೊಂಡವರಿಗೂ ಕೆಳಗಿನ ಮಾತೆಲ್ಲ ಅನ್ವಯಿಸುತ್ತೆ, ಆದರೆ ಅವರು ನನ್ನ ಮಾತು ಯಾಕೆ ಕೇಳ್ತಾರೆ :)

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಏನು ಗೊತ್ತಾ? "ಎಷ್ಟು ವ್ಯಾಟ್ ಹಾಕಣ ಸಾರ್?" ಚಿಕ್ಕಂದಿನಲ್ಲಿ ಮನೆಗೆ ತಂದ ಟೇಪ್ ರೆಕಾರ್ಡರ್ ಮೇಲೆ ಸಾವಿರಗಟ್ಟಲೆ ಪಿಎಂಪಿಓ ಅಂತ ಸ್ಟಿಕ್ಕರ್ ಇರುತ್ತಿತ್ತಲ್ಲ, ಆ ಕಾಯಿಲೆ ಇನ್ನೂ ವಾಸಿಯಾಗಿಲ್ಲ. ಸ್ಟೀರಿಯೋ ಡಬ್ಬದ ಮೇಲೆ 50 ವ್ಯಾಟ್ × 4 ಅಂತ ಬರೆದಿರ್ತಾರೆ. ಇಂಜಿನ್ ಓಡುತ್ತಿರುವಾಗ ಕಾರಿನ ವೋಲ್ಟೇಜು ಸುಮಾರು 14.4, ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಮೊದಲ ವರ್ಷದ ಇಂಜಿನಿಯರಿಂಗ್ ಲೆಕ್ಕ ಹಾಕಿ, ಶುದ್ಧವಾದ ಅಲೆ ಒಂದು ಚಾನೆಲ್‌ಗೆ ಹೆಚ್ಚೆಂದರೆ 26 ವ್ಯಾಟ್. ನಿಜಕ್ಕೂ ಕೈಗೆ ಬರೋದು 20ರ ಆಸುಪಾಸು. ಉಳಿದಿದ್ದು ಸ್ಟಿಕ್ಕರ್. ಅಷ್ಟು ಸಾಲದಾ ಅಂದರೆ, ಧಾರಾಳವಾಗಿ ಸಾಕು. ಒಳ್ಳೆ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುತ್ತೆ. ಬಾಗಿಲಿಗೂ ಕಿವಿಗೂ ಒಂದೇ ಮೀಟರು. ಇನ್ನು ಸಾವಿರ ವ್ಯಾಟ್ ತಗೊಂಡು ಏನು ಜಾತ್ರೆ ಮಾಡೋಣ?

ನನಗೆ ಈ ವಿಷಯ ತಲೆಗೆ ಹತ್ತಿದ್ದು ಅಪ್ಪನಿಂದ. ಅಪ್ಪ ಮೂವತ್ತು ವರ್ಷ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪವರ್ ಪ್ರೆಸ್ ಮುಂದೆ ನಿಂತವರು. ಕಿವಿಗೆ ಏನೂ ಹಾಕಿಕೊಳ್ಳದೆ. ಅವರ ಆಡಿಯೋಗ್ರಾಂ ನೋಡಿದರೆ 4000 ಹರ್ಟ್ಜ್ ಹತ್ತಿರ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿದೆ. ಫ್ಯಾಕ್ಟರಿ ಸದ್ದು ಎಲ್ಲರ ಕಿವಿಗೂ ಮೊದಲು ಹಾಕೋ ರುಜು ಅದೇ ಜಾಗದಲ್ಲಿ. ಕಾರು ತಂದ ವಾರ ಅವರಿಗಿಷ್ಟ ಅಂತ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದೆ. ಸ್ವಲ್ಪ ದೂರ ಸುಮ್ಮನಿದ್ದು, "ಬರೀ ದುಬು ದುಬು ಅಂತಿದೆ ಕಣೋ, ಏನ್ ಹೇಳ್ತಿದಾರೆ ಅಂತಾನೇ ತಿಳೀತಿಲ್ಲ" ಅಂದರು. ವಾಲ್ಯೂಮ್ ಜಾಸ್ತಿ ಮಾಡಿದೆ. ದುಬು ದುಬು ಇನ್ನೂ ಜೋರಾಯಿತು.

ಯಾಕೆ ಹೀಗೆ ಅಂತ ಓದುತ್ತಾ ಹೋದರೆ ಉತ್ತರ ಸರಳ. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ, ಸ, ಶ, ಚ, ತ, ಕ ಇಂಥ ವ್ಯಂಜನಗಳ ಗುರುತು ಸುಮಾರು 2000ದಿಂದ 8000 ಹರ್ಟ್ಜ್ ನಡುವೆ. ಅಪ್ಪನಿಗೆ ಹೋಗಿರೋದು ಅದೇ ಭಾಗ. ಅದರ ಮೇಲೆ ದಪ್ಪ ಸದ್ದು ಸಣ್ಣ ಸದ್ದನ್ನು ಮುಚ್ಚಿಹಾಕುತ್ತೆ. ಹಾಗಾಗಿ ಬಾಗಿಲು ಗುಂಯ್‌ಗುಟ್ಟಿದಷ್ಟೂ ಪದ ಸಾಯುತ್ತೆ. ಕಿವಿ ಚೆನ್ನಾಗಿರೋ ನಮಗೆ ಮಿದುಳು ಆ ಖಾಲಿ ಜಾಗ ತುಂಬಿಕೊಡುತ್ತೆ ಅಷ್ಟೇ.

ಆದ್ದರಿಂದ ಮೊದಲ ದುಡ್ಡು ಬಾಗಿಲಿಗೆ ಹೋಗಬೇಕು, ಸ್ಪೀಕರಿಗಲ್ಲ. ನಿಮ್ಮ ಕಾರಿನ ಬಾಗಿಲನ್ನು ಬೆರಳ ಗೆಣ್ಣಿಂದ ತಟ್ಟಿ ನೋಡಿ, ಖಾಲಿ ಎಣ್ಣೆ ಡಬ್ಬ ತಟ್ಟಿದ ಹಾಗಿರುತ್ತೆ. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳಿದಾಗಲೆಲ್ಲ ಹಿಂದೆ ಗಾಳಿ ಎಳೀತಿರುತ್ತೆ. ಬಾಗಿಲ ಒಳಗಿನ ತಗಡಿನಲ್ಲಿ ತೂತುಗಳಿದ್ದರೆ ಆ ಎರಡೂ ಸೇರಿ ಒಂದನ್ನೊಂದು ಕೊಲ್ಲುತ್ತವೆ, ಒಳ್ಳೆ ಬೇಸ್ ಮಾಯವಾಗಿ ತಗಡಿನ ಸದ್ದು ಮಾತ್ರ ಉಳಿಯುತ್ತೆ. ಇದಕ್ಕೆ ಮದ್ದು ಒಂದು ಕಡೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯೂಟೈಲ್ ರಬ್ಬರ್ ಶೀಟು. ಒಳಗೆ ಹೊರತಗಡಿಗೆ ಅಂಟಿಸಿ, ಒಳತಗಡಿನ ತೂತು ಮುಚ್ಚಬೇಕು. ಒಂದು ಎಚ್ಚರಿಕೆ: ಬಾಗಿಲ ತಳದಲ್ಲಿರೋ ಸಣ್ಣ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಗಾಜಿನ ಪಕ್ಕ ಇಳಿಯೋ ಮಳೆನೀರು ಆಚೆ ಹೋಗೋದು ಅಲ್ಲಿಂದಲೇ, ಮುಚ್ಚಿದರೆ ತುಕ್ಕು ಗ್ಯಾರಂಟಿ. ಹಾಗೇ ಸ್ಪೀಕರ್ ಹಿಂದೆ ಇಡೋ ರಿಂಗು ಮರದ ಪುಡಿಯ ಎಂಡಿಎಫ್ ಆದರೆ ನೀರು ಕುಡಿದು ಊದಿಕೊಳ್ಳುತ್ತೆ, ಪ್ಲಾಸ್ಟಿಕ್ಕಿನದು ಕೇಳಿ. ಪೋಲೋದಲ್ಲಿ ಹಳೇ ಸ್ಪೀಕರನ್ನು ರಿವೆಟ್ ಹೊಡೆದು ಕೂರಿಸಿರ್ತಾರೆ, ಡ್ರಿಲ್ ಮಾಡಿಯೇ ತೆಗೀಬೇಕು, ಅದಕ್ಕೇ ಈ ರಿಂಗು ಬೇಕಾಗೋದು.

"ಸ್ಪೋರ್ಟ್ಸ್ ಕಾರಿಗೆ ತೂಕ ಸೇರಿಸ್ತೀಯಾ?" ಅಂತ ಒಬ್ಬ ಗೆಳೆಯ ಬೈದ. ಎರಡು ಬಾಗಿಲಿಗೆ ನಾಲ್ಕೈದು ಕೆಜಿ ಆಗಿರಬಹುದು. ಅರ್ಧ ಟ್ಯಾಂಕ್ ಪೆಟ್ರೋಲಿನ ತೂಕ ಅದರ ಮೂರರಷ್ಟಿದೆ, ಅದನ್ನು ಯಾರೂ ಬಿಟ್ಟು ಹೋಗಲ್ಲ.

ಈಗ ಶೀರ್ಷಿಕೆಗೆ ಬರೋಣ. ನಮ್ಮ ಕಾರಿನಲ್ಲಿ ಸ್ಟೀರಿಂಗ್ ಬಲಕ್ಕೆ. ನನ್ನ ತಲೆಯಿಂದ ಬಲಬಾಗಿಲ ಸ್ಪೀಕರ್ 80 ಸೆಂಟಿಮೀಟರ್, ಎಡಬಾಗಿಲದ್ದು 130 (ಟೇಪ್ ಹಿಡಿದು ಅಳೆದೆ, ವಾಚ್‌ಮನ್ ವಿಚಿತ್ರವಾಗಿ ನೋಡಿದ). ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅಂದರೆ ಎಡಗಡೆಯದು ಒಂದೂವರೆ ಮಿಲಿಸೆಕೆಂಡ್ ತಡ. ಇಷ್ಟಕ್ಕೇನು ಅಂತೀರಾ? ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಮೊದಲು ತಲುಪಿದ ಕಡೆಗೇ ಕಿವಿ ಅದನ್ನು ಒಪ್ಪಿಸಿಬಿಡುತ್ತೆ. ಹೆಲ್ಮುಟ್ ಹಾಸ್ ಎಂಬಾತ 1949ರಲ್ಲೇ ಇದರ ಮೇಲೆ ಪ್ರಬಂಧ ಬರೆದಿದ್ದಾನೆ. ಪಿ.ಬಿ.ಎಸ್. ಕಾಲದ ಹಾಡುಗಳು ಮೋನೋ, ಎರಡೂ ಕಡೆ ಒಂದೇ ದನಿ. ಹಾಗಾಗಿ ಅಂಥ ದೊಡ್ಡ ಗಾಯಕ ನನ್ನ ಬಲಮೊಣಕಾಲಿನ ಪಕ್ಕ ಮುದುಡಿ ಕೂತು ಹಾಡಿದ ಹಾಗೆ ಕೇಳಿಸುತ್ತೆ. ಬಲಗಡೆ ಸ್ಪೀಕರನ್ನು ಬೇಕೆಂದೇ ಒಂದೂವರೆ ಮಿಲಿಸೆಕೆಂಡ್ ತಡ ಮಾಡಿಸಿ, ಸ್ವಲ್ಪ ತಗ್ಗಿಸಿ ನೋಡಿ. ದನಿ ಎದ್ದು ಬಂದು ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲುತ್ತೆ! ಈ ಕೆಲಸಕ್ಕೆ ಡಿಎಸ್‌ಪಿ ಇರುವ ಪುಟ್ಟ ಆಂಪ್ಲಿಫಯರ್ ಬೇಕು, ಸೀಟಿನ ಕೆಳಗೆ ಕೂರುತ್ತೆ. ನನ್ನ ಪ್ರಕಾರ ದುಬಾರಿ ಸ್ಪೀಕರಿಗಿಂತ ಇದಕ್ಕೆ ಸುರಿದ ದುಡ್ಡೇ ಸಾರ್ಥಕ.

ಇದರಲ್ಲೊಂದು ತೊಡಕಿದೆ. ಡ್ರೈವರಿಗೆ ಹೊಂದಿಸಿದರೆ ಎಡಗಡೆ ಕೂತವರಿಗೆ ಮೊದಲಿಗಿಂತ ಕೆಟ್ಟದಾಗುತ್ತೆ. ಅದಕ್ಕೇ ನಾನು ಎರಡು ಸೆಟ್ಟಿಂಗ್ ಉಳಿಸಿಟ್ಟಿದ್ದೀನಿ. ಎರಡನೆಯದರ ಹೆಸರು 'ಅಪ್ಪ'. ಅದರಲ್ಲಿ ಯಾವ ತಡವೂ ಇಲ್ಲ, 200 ಹರ್ಟ್ಜ್ ಸುತ್ತಮುತ್ತ ಇಳಿಸಿದ್ದೀನಿ, 2000ದಿಂದ 5000 ತುಸು ಏರಿಸಿದ್ದೀನಿ. ನನ್ನ ಕಿವಿಗೆ ಅದು ಚುಚ್ಚುತ್ತೆ. ಅವರು ಈಗ ಎಲ್ಲ ಪದ ಹಿಡೀತಾರೆ ಅಂತಲ್ಲ, ಆದರೆ ವಾಲ್ಯೂಮ್ ಏರಿಸು ಅನ್ನೋದು ನಿಂತಿದೆ.

ಅಂದ ಹಾಗೆ, ಕಾರಿನ ಸಂಗೀತಕ್ಕೆ ದೊಡ್ಡ ಹೆಸರು ತಂದ ಬೋಸ್ ಕಂಪನಿಯ ಅಮರ್ ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರ. 1983ರ ಮಾಡೆಲ್ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಇವರು ಮಾಡಿದ್ದು ದೊಡ್ಡ ಸ್ಪೀಕರ್ ತುರುಕಿದ್ದಲ್ಲ, ಆ ಕಾರಿನ ಒಳಗಿನ ಜಾಗಕ್ಕೇ ಅಳತೆ ಮಾಡಿ ಹೊಂದಿಸಿದ್ದು. ಮಾಜ್ದಾ ಎಂಎಕ್ಸ್-5 ಅನ್ನೋ ಎರಡು ಸೀಟಿನ ಪುಟಾಣಿ ಸ್ಪೋರ್ಟ್ಸ್ ಕಾರಿಗೆ ಬೋಸ್ ಸೀಟಿನ ತಲೆದಿಂಬಿನಲ್ಲೇ ಸ್ಪೀಕರ್ ಇಟ್ಟಿದೆ. ಮೇಲಿನ ಹೊದಿಕೆ ತೆಗೆದು ಓಡಿಸುವಾಗ ಗಾಳಿಯ ನಡುವೆ ಕೇಳಿಸಬೇಕಲ್ಲ.

ಡಿಕ್ಕಿ ತುಂಬ ವೂಫರ್ ಹಾಕಿ ರಾತ್ರಿ ಹನ್ನೊಂದಕ್ಕೆ ಕಾರ್ಡ್ ರೋಡಿನಲ್ಲಿ ಕಿಟಕಿ ನಡುಗಿಸೋ ಮಹನೀಯರಿಗೆ ಎರಡೇ ಸಂಖ್ಯೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ ಮಿತಿ 45 ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 90 ಡೆಸಿಬೆಲ್ ವಾರಕ್ಕೆ ನಾಲ್ಕೇ ಗಂಟೆ ಕೇಳಬಹುದು. ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯೋ ನಮ್ಮ ಊರಿನವರು ಮಂಗಳವಾರಕ್ಕೇ ಆ ಕೋಟಾ ಮುಗಿಸಿರ್ತಾರೆ. ಅಪ್ಪನಿಗೆ ಪವರ್ ಪ್ರೆಸ್ಸಿಗಾದರೂ ಸಂಬಳ ಸಿಗುತ್ತಿತ್ತು.

ವೈರಿನ ವಿಷಯದಲ್ಲಿ ಮಾತ್ರ ಯಾವ ಮುಲಾಜೂ ಬೇಡ. ವಿಜಯನಗರದ ನನ್ನ ಗೆಳೆಯನ ಹೊಸ ಕಾರಿಗೆ ಒಂದು ಅಂಗಡಿಯವರು ಕಂಪನಿ ವೈರು ಕತ್ತರಿಸಿ ಟೇಪ್ ಸುತ್ತಿ ಕಳಿಸಿದರು. ಆಮೇಲೆ ಸ್ಟೀರಿಯೋ ಕೆಟ್ಟಾಗ ವಾರಂಟಿ ಸಿಗಲಿಲ್ಲ. ಕತ್ತರಿಸದೆ ನಡುವೆ ಸಿಕ್ಕಿಸೋ ಕನೆಕ್ಟರ್ ಸಿಗುತ್ತೆ, ಅದಿಲ್ಲ ಅಂದರೆ ಅಂಗಡಿ ಬದಲಾಯಿಸಿ. ಆಂಪ್ಲಿಫಯರಿಗೆ ಬ್ಯಾಟರಿಯಿಂದ ಎಳೆದ ವೈರಿಗೆ ಒಂದೂವರೆ ಅಡಿಯೊಳಗೇ ಫ್ಯೂಸ್ ಇರಬೇಕು, ಇಲ್ಲದಿದ್ದರೆ ವೈರು ಎಲ್ಲಾದರೂ ತಗಡಿಗೆ ಉಜ್ಜಿ ಸುಲಿದ ದಿನ ಕಾರೇ ಹೊತ್ತಿಕೊಳ್ಳಬಹುದು. ಇನ್ಶೂರೆನ್ಸ್ ಕಂಪನಿಗೂ ಹೇಳಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ.

ಸ್ಪೀಕರ್ ಕೊಳ್ಳೋಕೆ ಹೋದಾಗ ಅಂಗಡಿಯವರು ತಮ್ಮ ಡೆಮೋ ಹಾಕ್ತಾರೆ, ಎದೆ ನಡುಗುತ್ತೆ, ಕಾರ್ಡ್ ಉಜ್ಜಿಬಿಡ್ತೀವಿ. ನಿಮ್ಮದೇ ಹಾಡು ತಗೊಂಡು ಹೋಗಿ. ನಾನು ಒಯ್ದಿದ್ದು ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ 'ಜೀವನ ಚೈತ್ರ'ದ ನಾದಮಯ. ಸಣ್ಣ ವಾಲ್ಯೂಮಿನಲ್ಲಿ ಹಾಕಿಸಿ, ಸ ಮತ್ತು ಶ ಬೇರೆ ಬೇರೆ ಕೇಳ್ತಿದೆಯಾ ನೋಡಿ. ನಾನು ಕೇಳಿದ ನಾಲ್ಕು ಜೊತೆಯಲ್ಲಿ ಅದು ಚೆನ್ನಾಗಿ ಕೇಳಿಸಿದ್ದು ಎರಡನೇ ಅಗ್ಗದ್ದರಲ್ಲಿ.