ಗಿಟಾರ್ ಮಾಡಿಸ್ತೀರಾ? ಪಕ್ಕದ ತಾಲ್ಲೂಕಿನ ಕೈಗಳನ್ನೂ ನೋಡಿ

ಊರಹಬ್ಬದ ರಸಮಂಜರಿ ಈಗ ಒಂದು ಕೀಬೋರ್ಡ್‌ನಿಂದ ಮುಗಿಯುವುದಿಲ್ಲ. ಗಣೇಶನ ಪೆಂಡಾಲ್ ಇರಲಿ, ಜಾತ್ರೆಯ ವೇದಿಕೆ ಇರಲಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗನನ್ನು ಜನ ಕೇಳುತ್ತಾರೆ. ನಾಲ್ಕೈದು ವರ್ಷ ನುಡಿಸಿದವನಿಗೆ ಅಂಗಡಿಯ ಗಿಟಾರ್ ಸಾಲದು ಅನಿಸುತ್ತದೆ. ತನ್ನ ಕೈಗೆ ಒಪ್ಪುವ ಅಳತೆಯಲ್ಲಿ ಒಂದು ಮಾಡಿಸಬೇಕೆಂಬ ಆಸೆ ಬರುತ್ತದೆ. ಆಸೆ ತಪ್ಪಲ್ಲ. ಆದರೆ ಅದಕ್ಕಾಗಿ ಫೋನಿನಲ್ಲಿ ದೇಶವೆಲ್ಲ ಹುಡುಕುವ ನೆಲಮಂಗಲದವರು ಪಕ್ಕದ ತಾಲ್ಲೂಕಿನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ತಕರಾರು ಇದೇ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಯ ಊರು. ಪೆನ್ನ ಓಬಳಯ್ಯ ಅವರಂಥವರಿಂದ ಆ ಊರಿಗೆ ಹೆಸರು ಬಂತು. ಹಲಸಿನ ಮರವನ್ನು ಒಣಗಿಸಿ, ಕೆತ್ತಿ, ಕೊಡ ತೆಗೆದು, ದಂಡಿ ಕೂರಿಸಿ, ಕೊನೆಗೆ ಮೇಣದ ಮೇಲೆ 24 ಮೆಟ್ಟಿಲು ನಿಲ್ಲಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಅದನ್ನು ಕಿವಿಯಿಂದ ಹಿಡಿದು ಸರಿಮಾಡುವುದೇ ಅವರ ವಿದ್ಯೆ.

ಎಲೆಕ್ಟ್ರಿಕ್ ಗಿಟಾರಿನ ಜೀವವೂ ಅಲ್ಲೇ ಇರುವುದು. ತಂತಿಯ ಕೆಳಗಿನ ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ನಡುಗಿದರೆ ಕೆಳಗೆ ಸಣ್ಣ ಕರೆಂಟು ಹುಟ್ಟಿ, ಆಂಪ್ಲಿಫೈಯರ್‌ನಲ್ಲಿ ದೊಡ್ಡದಾಗುತ್ತದೆ. ಪಿಕಪ್, ಬಿರಡೆ, ಬ್ರಿಡ್ಜ್ ಎಲ್ಲ ಕೊಳ್ಳಲು ಸಿಗುತ್ತವೆ. ಕೊಳ್ಳಲು ಸಿಗದೇ ಇರುವುದು ಸರಿಯಾದ ಕೈಕೆಲಸ. ತಂತಿಯ ಉದ್ದ 648 ಮಿಲಿಮೀಟರ್ ಇಟ್ಟರೆ ಮೊದಲ ಫ್ರೆಟ್ 36.4 ಮಿಲಿಮೀಟರಿಗೆ, 12ನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರಬೇಕು.

ವೀಣೆ ಮಾಡುವವರು ನಾಳೆಯೇ ಗಿಟಾರ್ ಮಾಡಿಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಮೇಣದ ಮೆಟ್ಟಿಲನ್ನು ಮತ್ತೆ ಸರಿಸಬಹುದು. ಗಿಟಾರಿನ ಫ್ರೆಟ್‌ಗೆ ಗರಗಸ ಹಾಕಿದರೆ ಮುಗಿಯಿತು, ತಪ್ಪು ತಪ್ಪೇ. ತಂತಿಯ ಎಳೆತಕ್ಕೆ ಕತ್ತು ಬಾಗದ ಹಾಗೆ ಒಳಗೆ ಕಬ್ಬಿಣದ ಸರಳು ಕೂರಿಸಬೇಕು. ಇದನ್ನು ಕಲಿಯಬೇಕು. ಆದರೆ ಮರದ ಗುಣ ಮತ್ತು ಸ್ವರದ ಜಾಗ ಎರಡೂ ಗೊತ್ತಿರುವವನಿಗೆ ಇದನ್ನು ಕಲಿಸುವುದು ಸುಲಭವೋ, ಎರಡೂ ಗೊತ್ತಿಲ್ಲದವನಿಗೆ ಕಲಿಸುವುದೋ? ಹಲಗೆ ಕತ್ತರಿಸುವ ಸಿಎನ್‌ಸಿ ಯಂತ್ರಕ್ಕೆ ಪೀಣ್ಯವೂ ದೂರವಿಲ್ಲ.

‘ಹಲಸಿನ ಮರದಲ್ಲಿ ಗಿಟಾರಾ?’ ಅಂತ ನಗಬೇಡಿ. ಫಿಲಿಪ್ಪೀನ್ಸ್‌ನ ಸೆಬು ದ್ವೀಪದಲ್ಲಿ ಕೈಯಿಂದ ಮಾಡುವ ಗಿಟಾರ್‌ಗಳಿಗೆ ಹಲಸು ಬಳಸುತ್ತಾರೆ. ಇಂಗ್ಲೆಂಡಿನ ಕ್ವೀನ್ ತಂಡದ ಬ್ರಯಾನ್ ಮೇ ಲೋಕವೆಲ್ಲ ಸುತ್ತಿ ನುಡಿಸಿದ ಗಿಟಾರನ್ನು 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಲು ಶುರುಮಾಡಿದರು. ಕತ್ತಿಗೆ ಹಳೇ ಮನೆಯ ಬೆಂಕಿಗೂಡಿನ ಹಲಗೆ, ಸ್ಪ್ರಿಂಗ್‌ಗೆ ಹಳೇ ಮೋಟಾರ್ ಸೈಕಲ್ಲಿನ ಬಿಡಿಭಾಗ. ದುಬಾರಿ ಮರದಿಂದ ಆ ಗಿಟಾರಿಗೆ ಹೆಸರು ಬರಲಿಲ್ಲ.

ಇನ್ನು ಮಾಡಿಸುವವರಿಗೆ ನಾಲ್ಕು ಮಾತು. ಹೊಸದಾಗಿ ಕಲಿಯುವವರು ಅಂಗಡಿಯ ಸಾಧಾರಣ ಗಿಟಾರನ್ನೇ ಕೊಳ್ಳಿ. ಬೆರಳಿಗೆ ಏನು ಬೇಕೆಂದು ಗೊತ್ತಾದ ಮೇಲೆ ಮಾಡಿಸಿ.

ಒಂದು: ಮರ ಎಷ್ಟು ತಿಂಗಳು ಒಣಗಿದೆ ಎಂದು ಕೇಳಿ. ಹಸಿ ಮರದ ಕತ್ತು ಒಂದು ಬೇಸಿಗೆ ಕಳೆಯುವುದರೊಳಗೆ ತಿರುಚಿಕೊಳ್ಳುತ್ತದೆ. ಬೀಟೆ ಮರ ಹಾಕುತ್ತೇನೆ ಅಂದರೆ ಅದರ ಕಾಗದಪತ್ರ ಕೇಳಿ.

ಎರಡು: ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ತಂತಿಯನ್ನು ಒತ್ತದೆ ಮೀಟಿ ಶ್ರುತಿ ಕೂಡಿಸಿ. ಆಮೇಲೆ 12ನೇ ಫ್ರೆಟ್ ಒತ್ತಿ ಮೀಟಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸರಿಯಾಗಿ ಬರಬೇಕು. ಆರೂ ತಂತಿಗೂ ಹೀಗೆ ಮಾಡಿ. ಪ್ರತಿ ಫ್ರೆಟ್ಟನ್ನೂ ಒತ್ತಿ ನೋಡಿ, ಎಲ್ಲೂ ಗರ್ ಅನ್ನಬಾರದು.

ಮೂರು: ನಮ್ಮ ವೇದಿಕೆಗಳ ಕರೆಂಟು ನಿಮಗೇ ಗೊತ್ತು. ಜನರೇಟರ್, ಸೀರಿಯಲ್ ಸೆಟ್, ಅರ್ಥಿಂಗ್ ಇಲ್ಲದ ಪ್ಲಗ್. ಒಂಟಿ ಸುರುಳಿಯ ಪಿಕಪ್ ಅಲ್ಲಿ ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಹಂಬಕರ್ ಅನ್ನುವ ಜೋಡಿ ಸುರುಳಿಯ ಪಿಕಪ್ ಹಾಕಿಸಿ. ಒಂದು ಸುರುಳಿಯ ಗುಂಯ್ ಶಬ್ದವನ್ನು ಇನ್ನೊಂದು ಅಳಿಸುತ್ತದೆ. ಅರ್ಥಿಂಗ್ ಇಲ್ಲದ ಕಡೆ ಅಪಾಯ ಹಾಗೇ ಇರುತ್ತದೆ, ಪ್ಲಗ್ ಹಾಕುವ ಮೊದಲು ಅದನ್ನು ಸರಿಮಾಡಿಸಿ.

ನಾಲ್ಕು: ಅಳತೆ, ಮರ, ಪಿಕಪ್, ಕೊಡುವ ದಿನ, ಮುಂಗಡ ಎಲ್ಲವನ್ನೂ ಬರೆಸಿಕೊಳ್ಳಿ. ಆರು ತಿಂಗಳಾದ ಮೇಲೆ ಒಮ್ಮೆ ಸರಿಮಾಡಿಕೊಡುವ ಮಾತೂ ಅದರಲ್ಲಿರಲಿ. ಮಾಡುವವನು ಹತ್ತಿರದ ಊರಿನಲ್ಲಿದ್ದರೆ ಬೈಕ್ ಹತ್ತಿ ಹೋಗಬಹುದು. ಲಾಭ ಅದೇ.

ಸರ್ಕಾರಕ್ಕೂ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಗೊಂಬೆ ಮಾಡುವವರು, ಹೂ ಕಟ್ಟುವವರು ಎಲ್ಲರೂ ಇದ್ದಾರೆ. ತರಬೇತಿ, 15,000 ರೂಪಾಯಿಯ ಉಪಕರಣ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿ ಸಿಗುತ್ತದೆ. ಆದರೆ ವಾದ್ಯ ಮಾಡುವವರು ಅನ್ನುವ ಹೆಸರೇ ಪಟ್ಟಿಯಲ್ಲಿಲ್ಲ. ವೀಣೆ ಮಾಡುವವರು ಬಡಗಿಯ ಸಾಲಿನಲ್ಲಿ ನಿಂತು ಜಾಗ ಹುಡುಕಬೇಕು. ಬಾಗಿಲು ಮಾಡುವುದು ದೊಡ್ಡ ಕೆಲಸವೇ, ಆದರೆ ಬಾಗಿಲಿಗೆ ಶ್ರುತಿ ಬೇಕಿಲ್ಲ. ಈ ಕಸುಬನ್ನು ಹತ್ತೊಂಬತ್ತನೆಯದಾಗಿ ಸೇರಿಸಲಿ. ನಮ್ಮ ಶಾಸಕರು, ಸಂಸದರು ಇದನ್ನು ಕೇಳಲಿ.

ವೀಣೆಗೆ ಕೊಳ್ಳುವವರು ಕಡಿಮೆಯಾದರೆ ಈ ಕಸುಬಿನ ಮನೆಯ ಮಕ್ಕಳು ಕಾರ್ಖಾನೆಯ ಗೇಟಿಗೆ ಹೋಗುತ್ತಾರೆ. ದಾಬಸ್‌ಪೇಟೆ ಕಡೆ ಗೇಟುಗಳಿಗೇನೂ ಬರವಿಲ್ಲ. ಹೋಗುವವರನ್ನು ತಡೆಯಲು ನಾವು ಯಾರು? ಆದರೆ ಮೇಳ ಕಟ್ಟುವ ಕಿವಿ ಒಂದು ತಲೆಮಾರು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಗಿಟಾರ್ ಬೇಕೆನ್ನುವ ಹುಡುಗರು ಈ ಮನೆಗಳ ಬಾಗಿಲು ತಟ್ಟಿ ‘ಇದು ನಿಮ್ಮ ಕೈಲಾಗುತ್ತಾ?’ ಅಂತ ಕೇಳಲಿ. ಆಗಲ್ಲ ಅಂದರೂ ನಷ್ಟವಿಲ್ಲ. ಆಗುತ್ತೆ ಅಂದರೆ ಇಬ್ಬರಿಗೂ ದಾರಿ.