ಕಡತ ಕಾಯುವ ಕಸುಬು

ಕೂಟಗಲ್ ಹೋಬಳಿಯ ತರುಣರು ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಬಯಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಣ ತೆತ್ತು ಪ್ರಮಾಣಪತ್ರ ಪಡೆಯುವುದೇ ಅದಕ್ಕೆ ದಾರಿಯೆಂಬುದನ್ನು ನಾವು ಒಪ್ಪಲಾರೆವು. ಈ ಕಸುಬು ನಮಗೆ ಹೊಸದಲ್ಲ. ಹಿಂದೆ ಶಾನುಭೋಗರು ಮಾಡುತ್ತಿದ್ದುದೂ ಇದನ್ನೇ. ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ರೈತನು ಕಚೇರಿಗಳಿಗೆ ಅಲೆಯಬೇಕು. ಆದುದರಿಂದಲೇ, ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದ 'ಭೂಮಿ' ಯೋಜನೆಯು ತಿದ್ದುವವರ ಬೆರಳ ಗುರುತನ್ನು ಕೇಳಿತು. ತರುಣನು ಮೊದಲು ತನ್ನ ಮನೆಯ ಪಹಣಿಯನ್ನೇ ಮುಂದಿಟ್ಟುಕೊಂಡು ಸರ್ವೆ ನಂಬರು, ಖಾತೆದಾರ, ಬೆಳೆ ಇವುಗಳಿಗೆ ಕೋಷ್ಟಕ ಕಟ್ಟಲಿ. ಪೋಸ್ಟ್‌ಗ್ರೆಸ್ ತಂತ್ರಾಂಶಕ್ಕೆ ಬೆಲೆ ತೆರಬೇಕಾಗಿಲ್ಲ. ಹಳೆಯ ಗಣಕವೊಂದಿದ್ದರೆ ಸಾಕು. ಬಳಿಕ ಪ್ರತಿ ತೆಗೆದಿಟ್ಟು, ಮೂಲವನ್ನು ತಾನೇ ಅಳಿಸಿ, ಮರಳಿ ನಿಲ್ಲಿಸಿ ನೋಡಲಿ. ಪ್ರತಿಯಿದೆಯೆಂದು ಹೇಳುವವರು ಅನೇಕರು. ಮರಳಿಸಿ ನೋಡಿದವರು ವಿರಳ! ಈ ಅಭ್ಯಾಸಕ್ಕಾಗಿ ರಾಮನಗರದ ಕಾಲೇಜುಗಳು ವಾರಕ್ಕೊಂದು ಸಂಜೆಯಾದರೂ ತಮ್ಮ ಗಣಕಕೊಠಡಿಯ ಬಾಗಿಲನ್ನು ತೆರೆದಿಡಬೇಕೆಂದು ನಾವು ಕೋರುತ್ತೇವೆ.